ಮೆಣಸಿನ ಏಣಿಯಿಂದ ಬಿದ್ದ 16ರ ಹುಡುಗ: ಹೊಣೆ ತೋಟದ್ದೋ, ಮೇಸ್ತ್ರಿಯದೋ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಮೂಡಿಗೆರೆ ತಾಲ್ಲೂಕು)

ನಮ್ಮ ಶಾಲೆಯ ಪಕ್ಕದ ಕಾಫಿ ತೋಟದ ಲೈನ್ ಮನೆಗಳಿಗೆ (ಕೆಲಸಗಾರರ ಸಾಲುಮನೆಗಳಿಗೆ) ಕೊಯ್ಲಿಗೆಂದು ಜಾರ್ಖಂಡ್‌ನಿಂದ ಬಂದಿರುವ ತಂಡದಲ್ಲಿ, ಊರಿನಲ್ಲಿ ಎಂಟನೇ ತರಗತಿಯವರೆಗೆ ಓದಿದ 16 ವರ್ಷದ ಹುಡುಗನೊಬ್ಬನಿದ್ದಾನೆ. ಕಾಫಿ ಹಣ್ಣು ಮುಗಿದ ಮೇಲೆ ಅವನನ್ನು ಕಾಳುಮೆಣಸಿನ ಕೊಯ್ಲಿಗೆ ಹಾಕಿದ್ದು, ಮೊನ್ನೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದ ಏಣಿ ಜಾರಿ ಬಿದ್ದು ಬಲಗೈ ಮಣಿಕಟ್ಟಿಗೆ ಪೆಟ್ಟಾಗಿದೆ. ತಂಡವನ್ನು ಕರೆತಂದ ಗುತ್ತಿಗೆದಾರನಾದ ಮೇಸ್ತ್ರಿ ಆಸ್ಪತ್ರೆಗೆ ಒಯ್ಯದೆ, ನಾಟಿ ವೈದ್ಯರಲ್ಲಿ ಬಿದಿರಿನ ದಬ್ಬೆಯಿಟ್ಟು ಕಟ್ಟು ಹಾಕಿಸಿದ್ದಾನೆ. ಬೆರಳುಗಳು ಊದಿಕೊಂಡಿವೆ, ತಟ್ಟೆ ಹಿಡಿಯಲೂ ಆಗುತ್ತಿಲ್ಲ. ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿದರೆ ಹುಡುಗ ಹಾಜರಿ ಪುಸ್ತಕದಲ್ಲಿಲ್ಲ, ಮೇಸ್ತ್ರಿಯ ಆಳು ಎನ್ನುತ್ತಾರೆ. ಆಧಾರ್‌ನಲ್ಲಿ 19 ಎಂದಿದೆ ಎಂಬುದು ಮೇಸ್ತ್ರಿಯ ವಾದ. ಮುಂಗಡ ತೀರಿಲ್ಲವೆಂದು ಕೂಲಿಯನ್ನು ತಡೆಹಿಡಿದಿರುವ ಅವನು, ಐದು ಸಾವಿರ ಕೊಟ್ಟು ಊರಿಗೆ ಕಳಿಸುವುದಾಗಿ ಹೇಳಿ, ಓದು ಬಲ್ಲ ಹುಡುಗನಿಂದ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾನೆ. ನಾನು ಮೊದಲು ಯಾರ ಬಳಿಗೆ ಹೋಗಬೇಕು?

ಉತ್ತರ 1 (ವೈದ್ಯಾಧಿಕಾರಿ, ಹಾಸನ ಜಿಲ್ಲೆ)

ಮೇಡಂ, ಮೊದಲು ಆಸ್ಪತ್ರೆಗೆ, ಅದೂ ಇವತ್ತೇ. ಬೆರಳುಗಳು ತಣ್ಣಗಾಗಿದ್ದರೆ, ನೀಲಿಗಟ್ಟಿದ್ದರೆ, ಮುಟ್ಟಿದ್ದು ತಿಳಿಯದಿದ್ದರೆ, ಅಥವಾ ಮೆಲ್ಲಗೆ ನೇರ ಮಾಡಿದಾಗ ತಡೆಯಲಾರದ ನೋವಾದರೆ, ಬಿಗಿ ಕಟ್ಟಿನಿಂದ ರಕ್ತ ಸಂಚಾರ ಕುಂದಿರಬಹುದು. ಆಗ ಒಂದೊಂದು ಗಂಟೆಯೂ ಮುಖ್ಯ. ಈ ವಯಸ್ಸಿನ ಹುಡುಗರಲ್ಲಿ ಮಣಿಕಟ್ಟಿನ ಬಳಿ ಮೂಳೆ ಉದ್ದ ಬೆಳೆಯುವ ಮೃದ್ವಸ್ಥಿಯ ಪದರ ಇನ್ನೂ ಮುಚ್ಚಿರುವುದಿಲ್ಲ. ಮುರಿತ ಅದರ ಮೂಲಕ ಹಾದುಹೋಗಿದ್ದು ಸರಿಯಾಗಿ ಕೂಡದಿದ್ದರೆ ಕೈ ಸೊಟ್ಟಗಾಗಬಹುದು, ಗಿಡ್ಡವೂ ಆಗಬಹುದು. ಎಕ್ಸ್‌ರೇ ಇಲ್ಲದೆ ಇದನ್ನು ಯಾರೂ ಹೇಳಲಾರರು.

ಇನ್ನೊಂದು ಮಾತು. ಜೊತೆಗೆ ಬಂದವರು ಸಾಮಾನ್ಯವಾಗಿ 'ಲೈನ್ ಮನೆಯಲ್ಲಿ ಜಾರಿ ಬಿದ್ದ' ಎಂದು ಬರೆಸುತ್ತಾರೆ. ತೋಟದ ಕೆಲಸದಲ್ಲಿ ಏಣಿಯಿಂದ ಬಿದ್ದದ್ದು ಎಂದು ಹುಡುಗನ ಬಾಯಿಂದಲೇ ಹೇಳಿಸಿ, ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ದಾಖಲಿಸುವಂತೆ ಕೇಳಿ. ಚೀಟಿಯಲ್ಲಿ ಬರೆಯದ ಗಾಯವನ್ನು ಆಮೇಲೆ ಸಾಬೀತುಪಡಿಸುವುದು ಬಹಳ ಕಷ್ಟ.

ಉತ್ತರ 2 (ವಕೀಲರು, ಚಿಕ್ಕಮಗಳೂರು)

ವೈದ್ಯರು ಹೇಳಿದ ಆ ದಾಖಲೆಯ ಮೇಲೆಯೇ ಮುಂದಿನದೆಲ್ಲ ನಿಂತಿದೆ. ಗುತ್ತಿಗೆದಾರನ ಮೂಲಕ ಬಂದ ಕೆಲಸಗಾರನಿಗೆ ತೋಟದ ಕೆಲಸದಲ್ಲಿ ಗಾಯವಾದರೆ ಮಾಲೀಕರೇ ಪರಿಹಾರ ಕೊಟ್ಟು, ಬೇಕಾದರೆ ಅದನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂಬುದು 1923ರ ನೌಕರರ ಪರಿಹಾರ ಕಾಯ್ದೆಯ 12ನೇ ಕಲಮಿನಲ್ಲಿತ್ತು. 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ತತ್ವವನ್ನು ಉಳಿಸಿಕೊಂಡಿದೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ ಎಂಬ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲವಾದ್ದರಿಂದ ಆ ಹೆಬ್ಬೆಟ್ಟಿಗೆ ಹೆದರಬೇಡಿ. ಅರ್ಜಿ ಹಾಕಲು ಅಪಘಾತದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ. ಆದರೆ ಹುಡುಗ ರೈಲು ಹತ್ತಿ ಹೋದ ಮೇಲೆ ಸಾಕ್ಷಿ ಹೇಳುವವರು ಯಾರೂ ಉಳಿಯುವುದಿಲ್ಲ.

ವಯಸ್ಸಿನ ವಿಷಯದಲ್ಲಿ ಆಧಾರ್ ಅಂತಿಮವಲ್ಲ. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮಿನ ಪ್ರಕಾರ ಮೊದಲು ನೋಡಬೇಕಾದದ್ದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆ ಕೊಟ್ಟ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಶಿಕ್ಷಕಿಯಾಗಿ ನೀವು ಅವನ ಹಳೆಯ ಶಾಲೆಯ ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ ದಾಖಲಾತಿ ಪುಟದ ಫೋಟೊ ತರಿಸಿಕೊಳ್ಳಬಲ್ಲಿರಿ. 18 ತುಂಬದವನ ಕೂಲಿ ತಡೆಹಿಡಿದರೆ ಅದೇ ಕಾಯ್ದೆಯ 79ನೇ ಕಲಂ ಐದು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿ ದಂಡ ವಿಧಿಸುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಪ್ರಕರಣ ಮಕ್ಕಳ ಕಲ್ಯಾಣ ಸಮಿತಿಗೆ ತಲುಪುತ್ತದೆ. ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ. ಅದಕ್ಕೆ 15100ಕ್ಕೆ ಕರೆ ಮಾಡಬಹುದು ಅಥವಾ ತಾಲ್ಲೂಕು ನ್ಯಾಯಾಲಯದ ಆವರಣದ ಕಾನೂನು ಸೇವಾ ಸಮಿತಿಗೆ ಹೋಗಬಹುದು.

ಉತ್ತರ 3 (ಬೆಳೆಗಾರರು, ಸಕಲೇಶಪುರ)

ಬೆಳೆಗಾರನಾಗಿ ಹೇಳುತ್ತೇನೆ: ಮೆಣಸನ್ನು ಕಿಲೋ ಲೆಕ್ಕದಲ್ಲಿ ಕೊಯ್ಲಿಗೆ ಕೊಟ್ಟರೆ, ಮೇಸ್ತ್ರಿ ಮೈ ಹಗುರವಾಗಿರುವ ಹುಡುಗರನ್ನೇ ಮೇಲಕ್ಕೆ ಹತ್ತಿಸುತ್ತಾನೆ. ಸೊಂಟಕ್ಕೆ ಚೀಲ ಕಟ್ಟಿ, ಒಂದು ಕೈಯಲ್ಲಿ ಬಳ್ಳಿ ಸರಿಸುತ್ತ ಇನ್ನೊಂದರಲ್ಲಿ ಗೊಂಚಲು ಕೀಳುವಾಗ ಏಣಿಯನ್ನು ಹಿಡಿಯಲು ಕೈಯೇ ಉಳಿಯುವುದಿಲ್ಲ, ಬುಡದಲ್ಲಿ ಏಣಿ ಹಿಡಿಯಬೇಕಾದವನೂ ಕೂಲಿ ಉಳಿಸಲೆಂದು ಬೇರೆ ಮರ ಹತ್ತಿರುತ್ತಾನೆ. ಅಲ್ಯೂಮಿನಿಯಂ ಏಣಿಯಾದರೆ ವಿದ್ಯುತ್ ತಂತಿಗೆ ತಗಲುವ ಅಪಾಯ ಬೇರೆ. ಆಳುಗಳ ವಯಸ್ಸು ವಿಚಾರಿಸುವ ಕೆಲಸವನ್ನು ಮಾಲೀಕರು ಮೇಸ್ತ್ರಿಗೆ ಬಿಡಬಾರದು. ನಾಳೆಯೇ ನೀವು ರೈಟರನ್ನು ಬಿಟ್ಟು ಮಾಲೀಕರನ್ನೇ ನೇರವಾಗಿ ಕಾಣಿರಿ. ಎಷ್ಟೋ ತೋಟಗಳಲ್ಲಿ ಇಂಥ ಸುದ್ದಿ ಮಾಲೀಕರ ಮನೆಯವರೆಗೆ ಹೋಗುವುದೇ ಇಲ್ಲ. ನಿಮ್ಮ ಜೊತೆಗೆ ಒಬ್ಬ ಬೆಳೆಗಾರ ಬೇಕೆನಿಸಿದರೆ ನಾನು ಬರುತ್ತೇನೆ.