ಪ್ಲೇಗ್ರೌಂಡ್ ಅಂದ್ರೆ ಯಾವ ಜಾಗ?

ಎಲ್ರಿಗೂ ನಮಸ್ಕಾರ. ದಾವಣಗೆರೆಯಿಂದ ಇಂಗ್ಲೆಂಡಿಗೆ ಬಂದು ಇನ್ನೂ ಹೊಸತು. ಸಂಜೆ ಮಕ್ಕಳನ್ನ ಪ್ಲೇಗ್ರೌಂಡಿನಿಂದ ಕರ್ಕೊಂಡು ಹೋಗ್ಬೇಕು ಅಂತ ಮಗಳ ಶಾಲೆಯ ಪತ್ರ ಬಂದಿದೆ. ಶಾಲೆ ಹಿಂದಿನ ಹುಲ್ಲಿನ ಮೈದಾನಕ್ಕೆ ಬೀಗ. ಪಕ್ಕದ ಪಾರ್ಕಲ್ಲಿ ಜೋಕಾಲಿ, ಜಾರುಬಂಡೆ ಇದಾವೆ, ಅದನ್ನೂ ಪ್ಲೇಗ್ರೌಂಡ್ ಅಂತಾರೆ. ನಿಲ್ಲೋದೆಲ್ಲಿ?

— ಎರಡೂ ಕಡೆ ಅಲ್ಲ ತಂಗಿ. ಶಾಲೆ ಕಟ್ಟಡಕ್ಕೆ ಹೊಂದಿಕೊಂಡು ಡಾಂಬರು ಅಂಗಳ ಇರುತ್ತೆ ನೋಡು, ನೆಲದ ಮೇಲೆ ಕುಂಟೆಬಿಲ್ಲೆ ಮನೆ ಬರೆದಿರ್ತಾರೆ, ಅಲ್ಲಿ ನಿಲ್ಲು. ಟೀಚರ್ ನಿನ್ನ ಮುಖ ನೋಡಿಯೇ ಮಗೂನ ಬಿಡ್ತಾರೆ. ಬೀಗ ಹಾಕಿದ ಹುಲ್ಲಿನ ಜಾಗಕ್ಕೆ ಪ್ಲೇಯಿಂಗ್ ಫೀಲ್ಡ್ ಅಂತಾರೆ.

ಈ ಗೊಂದಲ ನಿನ್ನೊಬ್ಬಳದಲ್ಲ. 18ನೇ ಶತಮಾನದ ಕೊನೆಗಾಗಲೇ ಪ್ಲೇಗ್ರೌಂಡ್ ಅನ್ನೋ ಪದ ಬಳಕೆಯಲ್ಲಿತ್ತು. ಬ್ರಿಟನ್ನಲ್ಲಿ ಅದು ಶಾಲೆ ಅಂಗಳಕ್ಕೆ ಗಟ್ಟಿಯಾಗಿ ಅಂಟಿಕೊಳ್ಳೋಕೆ ಸ್ಯಾಮ್ಯುಯೆಲ್ ವೈಲ್ಡರ್‌ಸ್ಪಿನ್ ಥರದ ಶಿಶುಶಾಲೆ ಮೇಷ್ಟ್ರುಗಳೂ ಕಾರಣ. ಚಿಕ್ಕ ಮಕ್ಕಳು ಬೆಂಚಿನ ಮೇಲೆ ಕೂತು ಕಲಿಯೋದಕ್ಕಿಂತ ಅಂಗಳದಲ್ಲಿ ಆಡ್ತಾ ಕಲೀತಾರೆ, ಆಟದಲ್ಲೇ ಅವರ ಸ್ವಭಾವ ತಿಳಿಯುತ್ತೆ ಅನ್ನೋದು ಆತನ ವಾದ. 19ನೇ ಶತಮಾನದ ಮೊದಲ ಭಾಗದಲ್ಲೇ ಅಂಗಳದಲ್ಲಿ ತಿರುಗೋ ಜೋಕಾಲಿ ನೆಡಿಸಿದ್ದ. ಈಗಲೂ ನಮ್ಮೂರ ಕೆಲವು ಕಾನ್ವೆಂಟುಗಳಿಗೆ ಈ ಮಾತು ತಲುಪಿಲ್ಲ, ಅದಿರಲಿ.

ಊರ ಮಕ್ಕಳಿಗೆಲ್ಲ ತೆರೆದ ಆಟದ ಜಾಗದ ಕಥೆ ಬೇರೆ. ಬರ್ಲಿನ್ನಿನ ಪಾರ್ಕುಗಳಲ್ಲಿ ಮಕ್ಕಳಿಗೆ ಅಂತ ಮರಳು ಗುಡ್ಡೆ ಹಾಕಿಸ್ತಿದ್ರು. ಅದನ್ನ ನೋಡಿದ ಡಾಕ್ಟರ್ ಮೇರಿ ಜಕ್ರ್‌ಜೆವ್ಸ್ಕಾ ಅಮೆರಿಕದ ಬಾಸ್ಟನ್ನಿಗೆ ಪತ್ರ ಬರೆದ್ರು, 1880ರ ದಶಕದಲ್ಲಿ ಅಲ್ಲೂ ಮರಳು ಸುರಿಸಿದ್ರು. ಬಡ ವಲಸಿಗರ ಮಕ್ಕಳು ಬೀದೀಲಿ ಗಾಡಿಗಳ ನಡುವೆ ಆಡ್ತಿದ್ದ ಕಾಲ ಅದು. ಅಮೆರಿಕದ ಪ್ಲೇಗ್ರೌಂಡ್ ಚಳವಳಿ ಹುಟ್ಟಿದ್ದೇ ಆ ಮರಳಿನಿಂದ. ಕಬ್ಬಿಣದ ಸರಳು ಹತ್ತೋ ಜಂಗಲ್ ಜಿಮ್ಮಿಗೆ ಸೆಬಾಸ್ಟಿಯನ್ ಹಿಂಟನ್ ಪೇಟೆಂಟ್ ಮಾಡಿಸಿದ್ದು 1920ರ ದಶಕದಲ್ಲಿ. ನೀನಿರೋ ಕಡೆ ಅದೇ ಥರದ್ದಕ್ಕೆ ಕ್ಲೈಂಬಿಂಗ್ ಫ್ರೇಮ್ ಅಂತಾರೆ.

— ಅಣ್ಣಾ, ನಾನು ದುರ್ಗದವಳು, ಇರೋದು ಅಮೆರಿಕದಲ್ಲಿ. ಕೋಟೆ ಬಂಡೆ ಮೇಲೆ ಚಡ್ಡಿ ಹರಿಯೋವರೆಗೂ ಜಾರಿದವರು ನಾವು. ಇಲ್ಲಿ ರಬ್ಬರ್ ನೆಲ, ಸುತ್ತ ಬೇಲಿ, ವಯಸ್ಸಿಗೊಂದು ಬೋರ್ಡು. ಮಕ್ಕಳು ಬೀಳೋದನ್ನ ಕಲಿಯೋದು ಯಾವಾಗ?

— ನಿಮ್ಮಂಥವರು ಯುರೋಪಲ್ಲೂ ಇದ್ರು ತಾಯಿ! ಡೆನ್ಮಾರ್ಕಿನ ಸೋರೆನ್ಸನ್ ಅನ್ನೋ ಉದ್ಯಾನ ವಾಸ್ತುಶಿಲ್ಪಿ 1943ರಲ್ಲಿ, ಜರ್ಮನ್ ಸೇನೆ ಕೂತಿದ್ದಾಗಲೇ, ಕೋಪನ್‌ಹೇಗನ್ ಹತ್ರ ಎಮ್ಡ್ರಪ್‌ನಲ್ಲಿ ಗುಜರಿ ಪ್ಲೇಗ್ರೌಂಡ್ ಮಾಡಿಸಿದ. ಹಳೇ ಹಲಗೆ, ಇಟ್ಟಿಗೆ ಹಾಕಿ, ಏನು ಬೇಕಾದ್ರೂ ಕಟ್ಕೊಳ್ಳಿ ಅಂತ ಬಿಟ್ಟಿದ್ದು. ಅದನ್ನ ನೋಡಿ ಬಂದ ಲೇಡಿ ಅಲೆನ್ ಅನ್ನೋ ಇಂಗ್ಲೆಂಡಿನ ಹೆಂಗಸು ಬ್ರಿಟನ್ನಲ್ಲಿ, ಬಾಂಬ್ ಬಿದ್ದ ಜಾಗಗಳಲ್ಲೂ ಅಂಥವನ್ನ ಮಾಡ್ಬೇಕು ಅಂತ ಓಡಾಡಿದ್ರು. ಅದಕ್ಕೆ ಅಡ್ವೆಂಚರ್ ಪ್ಲೇಗ್ರೌಂಡ್ ಅಂತಾರೆ. ಹತ್ತಿರ ಎಲ್ಲಾದ್ರೂ ಇದೆಯಾ ವಿಚಾರಿಸಿ, ದುರ್ಗದ ಮಕ್ಕಳಿಗೆ ಅದೇ ಸರಿ.

ತಂಗಿ, ನಾನೂ ಹೊರದೇಶದಿಂದ ವಾಪಸ್ ದಾವಣಗೆರೆಗೆ ಬಂದು ನೆಲೆಸಿದ ಮೇಲೆ ಗೊಂದಲ ಉಲ್ಟಾ ಆಯ್ತು. ಇಲ್ಲಿ ಗ್ರೌಂಡ್ ಅಂದ್ರೆ ಹೈಸ್ಕೂಲ್ ಮೈದಾನದಂಥ ಬಯಲು: ಕ್ರಿಕೆಟ್ಟು, ಗಣಪತಿ, ಸಭೆ ಎಲ್ಲ ಅಲ್ಲೇ. ಜೋಕಾಲಿ ಇರೋದು ಪಾರ್ಕಲ್ಲಿ. ತಾತ "ಗ್ರೌಂಡಿಗೆ ಹೋಗೋಣ್ವಾ" ಅಂದ್ರೆ ಹೊರಗಿಂದ ಬಂದ ಮಗು ಕುಣಿಯುತ್ತೆ, ಅಲ್ಲಿ ಹೋಗಿ ಧೂಳು ನೋಡಿ ಅಳುತ್ತೆ. ರಜಕ್ಕೆ ಬರೋರು ಪಾರ್ಕು ಅಂತಾನೇ ಹೇಳ್ರಿ. ಏಪ್ರಿಲ್ಲಲ್ಲಿ ಸಂಜೆಗೆ ಮುಂಚೆ ಮಾತ್ರ ಹೋಗ್ಬೇಡಿ, ತಗಡಿನ ಜಾರುಬಂಡೆ ಕಾದು ತೊಡೆ ಸುಡುತ್ತೆ.

— ಥ್ಯಾಂಕ್ಸ್ ಅಣ್ಣ. ಕರ್ಕೊಂಡು ಬರೋವಾಗ ಶಾಲೆ ಅಂಗಳದಲ್ಲೇ ಸ್ವಲ್ಪ ಹೊತ್ತು ಆಡಿಸಬಹುದಾ?

— ಕೇಳಿ ಆಡಿಸು ತಂಗಿ. ಶಾಲೆ ಬಿಟ್ಟ ಮೇಲೆ ಕ್ಲೈಂಬಿಂಗ್ ಫ್ರೇಮ್ ಹತ್ತೋಕೆ ಎಷ್ಟೋ ಶಾಲೆಗಳು ಬಿಡಲ್ಲ. ಪಕ್ಕದ ಪಾರ್ಕಿಗೆ ಯಾರ ಅಪ್ಪಣೆಯೂ ಬೇಡ.