‘ಬಯಲುಚಿತ್ರ’ ಎಂದರೆ ಸರಿಹೋಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಕಳೆದ ಅಕ್ಟೋಬರಿನಲ್ಲಿ ಒಂಬತ್ತು ದಿನ ವೆನಿಸ್‌ನಲ್ಲಿದ್ದೆ. ಹನ್ನೊಂದು ಜಲವರ್ಣ ಚಿತ್ರ ಬರೆದೆ. ಅವನ್ನು ಊರಿನಲ್ಲಿ ನಾಲ್ಕು ಜನಕ್ಕೆ ತೋರಿಸುವ ಆಸೆ. ಪ್ರತಿ ಚಿತ್ರದ ಕೆಳಗೂ ಕನ್ನಡದಲ್ಲಿ ಎರಡು ಸಾಲು ಬರೆಯಲು ಕೂತರೆ ಮೊದಲ ಪದಕ್ಕೇ ಕೈ ನಿಂತಿತು. ಕೋಣೆಯೊಳಗೆ ಕೂರದೆ, ಬರೆಯಬೇಕಾದ ಜಾಗದ ಎದುರೇ ಕೂತು ಬಣ್ಣ ಹಚ್ಚುವುದನ್ನು ಫ್ರೆಂಚರು ‘ಪ್ಲೆನ್ ಏರ್’ ಎನ್ನುತ್ತಾರೆ. ಪದಶಃ ‘ತುಂಬು ಗಾಳಿ’. ಕನ್ನಡದಲ್ಲಿ ಇದಕ್ಕೆ ಏನೆನ್ನೋಣ?

ಕಲಾಶಾಲೆಯ ಮಕ್ಕಳು ‘ಔಟ್‌ಡೋರ್‌ಗೆ ಹೋಗ್ತೀವಿ’, ‘ಸ್ಪಾಟಲ್ಲೇ ಮಾಡಿದ್ದು’ ಎನ್ನುತ್ತಾರೆ. ಮಾತಿಗೆ ಅಷ್ಟು ಸಾಕು. ಬರವಣಿಗೆಗೆಂದು ಹುಡುಕಿದಾಗ ‘ನಿಸರ್ಗಚಿತ್ರ’ ಸಿಕ್ಕಿತು. ಆದರೆ ಅದು ಏನನ್ನು ಬರೆದರು ಎಂದು ಹೇಳುತ್ತದೆ, ಎಲ್ಲಿ ಕೂತು ಬರೆದರು ಎಂದು ಹೇಳುವುದಿಲ್ಲ. ವೆನಿಸ್ ಎಂದರೆ ಇಟ್ಟಿಗೆ, ಕಲ್ಲು, ನೀರು; ಅದನ್ನು ನಿಸರ್ಗ ಎನ್ನಲು ಮನಸ್ಸು ಒಪ್ಪಲಿಲ್ಲ. ‘ಹೊರಾಂಗಣ ಚಿತ್ರಣ’ ತಪ್ಪಲ್ಲ, ಆದರೆ ಕಿವಿಗೆ ಕ್ರೀಡಾಂಗಣದ ಫಲಕದಂತೆ ಕೇಳುತ್ತದೆ.

ನನಗೆ ಹೊಳೆದದ್ದು ‘ಬಯಲುಚಿತ್ರ’. ಬಯಲಾಟ, ಬಯಲು ರಂಗಮಂದಿರ ನಮ್ಮಲ್ಲಿ ಇದ್ದೇ ಇವೆ. ಎರಡರಲ್ಲೂ ‘ಬಯಲು’ ಎಂದರೆ ಮೇಲೆ ಸೂರಿಲ್ಲದ್ದು, ಗಾಳಿ ಬೆಳಕಿಗೆ ತೆರೆದದ್ದು. ‘ಬಯಲಾಯಿತು’ ಎಂದರೆ ಕಣ್ಣಿಗೆ ಬಿತ್ತು ಎಂಬ ಅರ್ಥವೂ ಇದೆಯಲ್ಲ, ಚಿತ್ರ ಬರೆಯುವವರಿಗೆ ಅದು ತುಂಬ ಹತ್ತಿರದ ಮಾತು.

ಮೊದಲು ನನಗೇ ಒಂದು ಅಳುಕಿತ್ತು. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಓಣಿಗಳ ಊರಿನಲ್ಲಿ ಬಯಲು ಎಲ್ಲಿಂದ ಬರಬೇಕು? ಉತ್ತರ ಆ ಊರಿನ ಮಾತಿನಲ್ಲೇ ಇತ್ತು. ಇಟಲಿಯ ಬೇರೆ ಊರುಗಳಲ್ಲಿ ಚೌಕಕ್ಕೆ ‘ಪಿಯಾಟ್ಸಾ’ ಎನ್ನುತ್ತಾರೆ. ವೆನಿಸ್‌ನಲ್ಲಿ ಆ ಹೆಸರು ಸಂತ ಮಾರ್ಕನ ಚೌಕಕ್ಕೆ ಮೀಸಲು, ಉಳಿದವು ಹೆಚ್ಚುಕಡಿಮೆ ಎಲ್ಲವೂ ‘ಕಾಂಪೊ’. ಕಾಂಪೊ ಎಂದರೆ ಹೊಲ. ಕಲ್ಲು ಹಾಸುವ ಮೊದಲು ಅಲ್ಲಿ ಹುಲ್ಲು ಬೆಳೆಯುತ್ತಿತ್ತು. ಹೊಲ ಹೋಗಿ ಎಷ್ಟೋ ಶತಮಾನವಾದರೂ ಹೆಸರು ಉಳಿದಿದೆ. ನಮ್ಮ ಕರಾವಳಿಯಲ್ಲಿ ‘ಬೈಲು’ ಎಂದರೆ ಗದ್ದೆಯೇ. ಕೊಯ್ಲು ಮುಗಿದ ಗದ್ದೆಯಲ್ಲೇ ಆಟ ಕಟ್ಟುತ್ತಿದ್ದದ್ದು. ಕಾಂಪೊ ಸಾನ್ ಪೋಲೊದಲ್ಲಿ, ಮಳೆನೀರು ಹಿಡಿಯಲು ಕಟ್ಟಿದ್ದ ಹಳೆಯ ಬಾವಿಯ ಕಟ್ಟೆಗೆ ಬೆನ್ನುಕೊಟ್ಟು ಕೂತಿದ್ದಾಗ ಇದು ಹೊಳೆದು, ಕುಂಚ ಕೆಳಗಿಟ್ಟು ಪುಸ್ತಕದ ಅಂಚಿನಲ್ಲಿ ‘ಬಯಲುಚಿತ್ರ’ ಎಂದು ಗುರುತುಹಾಕಿಕೊಂಡೆ.

ಈಗ ತೊಡಕುಗಳು. ಫ್ರೆಂಚ್ ಚಿತ್ರಕಾರ ಮೋನೆ 1908ರ ಶರತ್ಕಾಲದಲ್ಲಿ ವೆನಿಸ್‌ಗೆ ಬಂದು, ಇಂಥ ನೋಟಕ್ಕೆ ದಿನದ ಇಂಥ ಹೊತ್ತು ಎಂದು ಗೊತ್ತುಮಾಡಿಕೊಂಡು, ಸುಮಾರು 37 ಚಿತ್ರಗಳಿಗೆ ಕೈಹಾಕಿದ. ಆದರೆ ಅವನ್ನು ಮುಗಿಸಿದ್ದು ಜಿವೆರ್ನಿಯ ತನ್ನ ಚಿತ್ರಶಾಲೆಯಲ್ಲಿ. ಪ್ಯಾರಿಸ್‌ನಲ್ಲಿ ಅವುಗಳ ಪ್ರದರ್ಶನವಾದದ್ದು 1912ರಲ್ಲಿ. ಇವು ಬಯಲುಚಿತ್ರಗಳೇ? ಹೊರಗೆ ಶುರುವಾದರೆ ಸಾಕೇ, ಹೊರಗೇ ಮುಗಿಯಬೇಕೇ? ನನ್ನ ಹನ್ನೊಂದರಲ್ಲೂ ಮೂರು ಮನೆಗೆ ಬಂದ ಮೇಲೆ ಮುಗಿದವು. ಸಿರೊಕ್ಕೊ ಎಂಬ ತೇವದ ಗಾಳಿ ಬೀಸಿದ ದಿನ ಕಾಗದ ಆರಲೇ ಇಲ್ಲ. ಇಂಥವನ್ನು ‘ಬಯಲಲ್ಲಿ ಹಿಡಿದ ಚಿತ್ರ’ ಎಂದು ಬೇರೆ ಮಾಡಿ ಹೇಳೋಣ ಎಂದುಕೊಂಡಿದ್ದೇನೆ.

ಇನ್ನೊಂದು ತೊಡಕನ್ನು ನನ್ನ ಅತ್ತಿಗೆ ತೋರಿಸಿದರು. ಹಳ್ಳಿಯ ಕಡೆ ‘ಬಯಲಿಗೆ ಹೋಗೋದು’ ಎಂದರೆ ಬೇರೆಯೇ ಅರ್ಥ. ಮಾತು ನಿಜ. ಆದರೆ ಬಯಲಾಟ ಎಂದಾಗ ಯಾರಿಗೂ ಅದು ನೆನಪಾಗುವುದಿಲ್ಲ. ಸಮಾಸದೊಳಗೆ ಸೇರಿದ ಮೇಲೆ ಪದ ಚೊಕ್ಕವಾಗುತ್ತದೆ ಎಂಬುದು ನನ್ನ ನಂಬಿಕೆ.

ಇದರ ಜೊತೆಗೆ ಇನ್ನೊಂದು ಪದ ಬೇಕಾಗಿದೆ. 18ನೇ ಶತಮಾನದಲ್ಲಿ ಕನಲೆಟ್ಟೊ (1697–1768) ಬರೆದ ವೆನಿಸ್ ಚಿತ್ರಗಳನ್ನು ಪ್ರವಾಸಕ್ಕೆ ಬಂದ ಇಂಗ್ಲಿಷ್ ಶ್ರೀಮಂತರು ಆಸೆಪಟ್ಟು ಕೊಂಡೊಯ್ಯುತ್ತಿದ್ದರು. ಅವನು ಕಾಲುವೆಯ ಬದಿಯಲ್ಲಿ ರೇಖೆಗಳನ್ನು ಬರೆದುಕೊಂಡು, ಬಣ್ಣದ ಕೆಲಸವನ್ನು ಹೆಚ್ಚಾಗಿ ಒಳಗೆ ಮಾಡುತ್ತಿದ್ದವನು. ಬಣ್ಣ ತುಂಬುವ ತವರದ ಟ್ಯೂಬು ಬಂದದ್ದೇ 1841ರಲ್ಲಿ. ಅದಕ್ಕೆ ಮೊದಲು ಅರೆದ ತೈಲವರ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿ ಒಯ್ಯಬೇಕಿತ್ತು. ಅಂಥ ಊರಚಿತ್ರಕ್ಕೆ ಇಟಲಿಯವರು ‘ವೆದೂತ’ ಎನ್ನುತ್ತಾರೆ. ‘ವೆದೇರೆ’, ನೋಡು, ಎಂಬ ಕ್ರಿಯಾಪದದಿಂದ ಬಂದದ್ದು. ನಮ್ಮಲ್ಲಿ ಆಡು ಆಟವಾದಂತೆ, ಓಡು ಓಟವಾದಂತೆ, ನೋಡು ‘ನೋಟ’ವಾಗಿದೆ. ಹಾಗಾಗಿ ವೆದೂತಕ್ಕೆ ‘ನೋಟಚಿತ್ರ’ ಎನ್ನಲು ನನಗೆ ಅನುಮಾನವೇ ಇಲ್ಲ.

ಅನುಮಾನ ಉಳಿದಿರುವುದು ಬಯಲಿನ ಬಗ್ಗೆಯೇ. ‘ಬಯಲುಚಿತ್ರ’ವೋ, ‘ಬಯಲಚಿತ್ರ’ವೋ? ‘ಬಯಲುಸೀಮೆ’ ಮೊದಲಿನದರ ಕಡೆಗೆ ಎಳೆಯುತ್ತದೆ, ನಾಲಿಗೆ ಎರಡನೆಯದರ ಕಡೆಗೆ. ಧಾರವಾಡ, ಕಲಬುರಗಿ ಕಡೆಯ ಚಿತ್ರಕಾರರು, ಚಿತ್ರಕಲಾ ಮೇಷ್ಟ್ರುಗಳು ಇದಕ್ಕೆ ಬೇರೆ ಮಾತು ಬಳಸುತ್ತಿದ್ದರೆ, ಕೈಬರಹದ ಟಿಪ್ಪಣಿಯಲ್ಲೋ ತರಗತಿಯ ಮಾತಿನಲ್ಲೋ ಕೇಳಿದ್ದರೆ, ದಯವಿಟ್ಟು ತಿಳಿಸಿ. ಚೀಟಿಗಳನ್ನು ಇನ್ನೂ ಬರೆದಿಲ್ಲ.