ಅಪ್‌ಡೇಟ್: ಕೊನೆಗೂ ಜಾಯಿಂಟ್ ಕೂತ್ಕೊಂತು

ತಾಮ್ರದ ಪೈಪಿಗೆ ಹಿತ್ತಾಳೆ ಫಿಟ್ಟಿಂಗ್ ಬೆಸುಗೆ ಹಾಕೋಕೆ ಹೋದ್ರೆ ಸೋಲ್ಡರ್ (ಬೆಸುಗೆಗೆ ಕರಗಿಸೋ ಲೋಹದ ತಂತಿ) ಗುಂಡುಗುಂಡಾಗಿ ಉದುರ್ತಿದೆ ಅಂತ ಕೇಳಿದ್ನಲ್ಲ, ಅದು ಸರಿಹೋಯ್ತು. ತಪ್ಪು ನಂದೇ. 25 ವ್ಯಾಟ್ ಸೋಲ್ಡರಿಂಗ್ ಐರನ್ ಇಟ್ಕೊಂಡು ಅಷ್ಟು ದಪ್ಪ ತಾಮ್ರ ಕಾಯಿಸೋಕೆ ಕೂತಿದ್ದೆ, ತಾಮ್ರ ಬಿಸಿನೆಲ್ಲ ಎಳ್ಕೊಂಡು ಪೈಪಿನುದ್ದಕ್ಕೂ ಹರಡಿಬಿಡುತ್ತೆ, ಜಾಯಿಂಟ್ ಕಾಯೋದೇ ಇಲ್ಲ. ಈ ಸಲ ಎರಡೂ ಕಡೆ ಎಮರಿ ಪೇಪರ್‌ನಲ್ಲಿ ಹೊಳೆಯೋವರೆಗೂ ಉಜ್ಜಿ, ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹಿಡಿಯೋಕೆ ಹಚ್ಚೋ ಪೇಸ್ಟ್) ಸವರಿ, ಗ್ಯಾಸ್ ಟಾರ್ಚ್‌ನಿಂದ ಫಿಟ್ಟಿಂಗ್‌ನೇ ಕಾಯಿಸ್ದೆ, ಸೋಲ್ಡರಿಗೆ ಬೆಂಕಿ ತೋರಿಸ್ಲೇ ಇಲ್ಲ. ಆಮೇಲೆ ಸೋಲ್ಡರ್ ತಂತಿ ತಾಗಿಸಿದ್ದೇ ತಡ, ಸಂದಿಯೊಳಗೆ ತಾನೇ ಎಳ್ಕೊಂಡು ಹೋಯ್ತು, ನೋಡೋಕೇ ಮಜಾ!

ನೀರಿನ ಪೈಪ್ ಆದ್ರಿಂದ ಸೀಸ ಇಲ್ಲದ ತವರ-ತಾಮ್ರದ ಸೋಲ್ಡರ್ ತಗೊಂಡೆ, ಅದು ಕರಗೋಕೆ ಸುಮಾರು 227 ಡಿಗ್ರಿ ಬೇಕು. ಬ್ರೇಜಿಂಗ್ (ಇನ್ನೂ ಹೆಚ್ಚು ಬಿಸಿಯಲ್ಲಿ ಮಾಡೋ ಬೆಸುಗೆ) ಮಾಡು ಅಂದವರಿಗೆ ಥ್ಯಾಂಕ್ಸ್, ಆದ್ರೆ ಅದು 450 ಡಿಗ್ರಿ ಮೇಲಿನ ಕೆಲಸ, ಇಲ್ಲಿಗೆ ಬೇಕಾಗ್ಲಿಲ್ಲ. ನೀರು ಬಿಟ್ಟು ಎರಡು ದಿನ ಆಯ್ತು, ಒಂದು ಹನಿ ಸೋರಿಲ್ಲ.